ದುಡ್ಡು ದುಬೈಯದು, ಪತ್ರ ಅಣ್ಣನದು

ಕರಾವಳಿಯ ಯಾವ ಪೇಟೆಯ ಪತ್ರ ಬರಹಗಾರರನ್ನು ಕೇಳಿದರೂ ಈ ವ್ಯವಹಾರ ಅವರಿಗೆ ಹೊಸದಲ್ಲ. ತಮ್ಮ ಗಲ್ಫಿನಲ್ಲಿದ್ದಾನೆ, ದುಡ್ಡು ಪೂರ್ತಿ ಅವನದು. ಸೈಟು ಮಾತ್ರ ಊರಲ್ಲಿರುವ ಅಣ್ಣನ ಹೆಸರಿಗೆ ನೋಂದಣಿಯಾಗುತ್ತದೆ. ಯಾಕೆ ಹೀಗೆ ಎಂದರೆ ಅಣ್ಣನ ಉತ್ತರ ಸಿದ್ಧ: "ಅವನಿಗೆ ಪ್ಯಾನ್ ಇಲ್ಲ ಮಾರಾಯ್ರೆ, ಅಲ್ಲಿಂದ ಮಾಡಿಸುವುದು ರಗಳೆ. ಈಗ ನನ್ನ ಹೆಸರಲ್ಲಿ ಇರ್ಲಿ, ಅವ ಬಂದಾಗ ನೋಡುವ."

ಅಣ್ಣನ ಮನಸ್ಸಿನಲ್ಲಿ ಕಪಟವಿಲ್ಲ ಎಂದೇ ಇಟ್ಟುಕೊಳ್ಳೋಣ. ಆದರೂ ಈ ಏರ್ಪಾಡು ಕಾನೂನಿನ ಕಣ್ಣಿಗೆ ಬೇನಾಮಿ. 1988ರ ಬೇನಾಮಿ ಕಾಯ್ದೆ ಬಹುಕಾಲ ಹೆಸರಿಗಷ್ಟೇ ಇತ್ತು. 2016ರ ನವೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಅದಕ್ಕೆ ಹಲ್ಲು ಕೊಟ್ಟಿತು. ಒಬ್ಬರು ದುಡ್ಡು ಹಾಕಿ, ತಮ್ಮ ಅನುಕೂಲಕ್ಕಾಗಿಯೇ ಇನ್ನೊಬ್ಬರ ಹೆಸರಿನಲ್ಲಿ ಆಸ್ತಿ ಇರಿಸಿದರೆ ಅದು ಬೇನಾಮಿ. ಗಂಡ, ಹೆಂಡತಿ, ಮಕ್ಕಳ ಹೆಸರಿನಲ್ಲಿ ಲೆಕ್ಕಕ್ಕೆ ಸಿಗುವ ಹಣದಿಂದ ಕೊಂಡರೆ ವಿನಾಯಿತಿ ಇದೆ. ಅಣ್ಣತಮ್ಮ, ಅಕ್ಕತಂಗಿ, ತಂದೆತಾಯಿ ವಿಷಯದಲ್ಲೂ ವಿನಾಯಿತಿ ಉಂಟು, ಆದರೆ ಒಂದು ಷರತ್ತಿನ ಮೇಲೆ: ದುಡ್ಡು ಕೊಟ್ಟವನ ಹೆಸರೂ ಜಂಟಿ ಮಾಲೀಕನೆಂದು ಪತ್ರದಲ್ಲಿ ಇರಬೇಕು. ನಮ್ಮ ಈ ತಮ್ಮನ ಹೆಸರು ಪತ್ರದಲ್ಲಿ ಎಲ್ಲೂ ಇಲ್ಲ.

ಮುಂದೇನಾಗುತ್ತದೆ? ಆಸ್ತಿ ಸರ್ಕಾರದ ವಶವಾಗಬಹುದು. ಒಂದರಿಂದ ಏಳು ವರ್ಷ ಕಠಿಣ ಸಜೆ, ಮಾರುಕಟ್ಟೆ ಬೆಲೆಯ ಶೇ 25ರವರೆಗೆ ದಂಡ ಬೀಳಬಹುದು. ಇಷ್ಟು ದೂರ ಹೋಗುವ ಪ್ರಕರಣಗಳು ಕಡಿಮೆ, ನಿಜ. ಆದರೆ "ಬಂದಾಗ ನೋಡುವ" ಎಂಬ ಆ ಯೋಜನೆಗೇ ಕಾಯ್ದೆ ಅಡ್ಡ ನಿಂತಿದೆ. ಬೇನಾಮಿದಾರ ಆಸ್ತಿಯನ್ನು ಮರಳಿ ಅಸಲಿ ಮಾಲೀಕನಿಗೆ ವರ್ಗಾಯಿಸುವಂತಿಲ್ಲ. ವರ್ಗಾಯಿಸಿದರೂ ಅದು ಅಸಿಂಧು. ಅಣ್ಣ ತಿರುಗಿಬಿದ್ದರೆ "ದುಡ್ಡು ನನ್ನದು, ಆಸ್ತಿ ಕೊಡಿಸಿ" ಎಂದು ತಮ್ಮ ದಾವೆ ಹೂಡುವ ಹಾಗೂ ಇಲ್ಲ. "ಇಲ್ಲ, ಅದು ನಾನು ಅಣ್ಣನಿಗೆ ಕೊಟ್ಟ ದಾನ" ಎಂದರೆ ಬೇನಾಮಿ ಆರೋಪ ತಪ್ಪೀತು, ಆಸ್ತಿ ಮಾತ್ರ ಅಣ್ಣನದೇ ಆಗಿ ಉಳಿಯುತ್ತದೆ. ಅಣ್ಣ ಕಾಲವಾಗಿ ಅತ್ತಿಗೆ, ಅವಳ ಮಕ್ಕಳು ಹಕ್ಕುದಾರರಾದ ಮೇಲೆ ಹಳೆಯ ಮಾತಿಗೆ ಸಾಕ್ಷಿ ಯಾರು? ಹದಿನೈದು ಇಪ್ಪತ್ತು ವರ್ಷ ಬಿಸಿಲಲ್ಲಿ ಬೆಂದ ದುಡ್ಡು ಹೀಗೆ ಹೋಗುವುದು ಹತ್ತು ಅಕ್ಷರದ ಒಂದು ಸಂಖ್ಯೆ ಸಕಾಲಕ್ಕೆ ಕೈಗೆ ಬರಲಿಲ್ಲ ಎಂಬ ಕಾರಣಕ್ಕೆ.

ಪ್ಯಾನ್ ಇಲ್ಲದವರು ಯಾರು ಎಂಬುದನ್ನೂ ಗಮನಿಸಬೇಕು. ಬೆಂಗಳೂರಿನ ಕಂಪನಿಯಲ್ಲಿ ನಾಲ್ಕು ವರ್ಷ ದುಡಿದು ಕ್ಯಾಲಿಫೋರ್ನಿಯಾಕ್ಕೆ ಹೋದ ಎಂಜಿನಿಯರ್ ಬಳಿ ಅದು ಇದ್ದೇ ಇರುತ್ತದೆ. ಇಲ್ಲದವರು ಪಿಯುಸಿ ಮುಗಿಸಿ ನೇರ ವಿಮಾನ ಹತ್ತಿದ ಭಟ್ಕಳ, ಕುಂದಾಪುರ, ಬಂಟ್ವಾಳದ ಹುಡುಗರು. ನರ್ಸಿಂಗ್ ಮುಗಿದೊಡನೆ ಹೊರಟುಹೋದ ಹೆಣ್ಣುಮಕ್ಕಳು. ಭಾರತದಲ್ಲಿ ಒಂದು ತಿಂಗಳ ಸಂಬಳವನ್ನೂ ಎಣಿಸದ ಇವರಿಗೆ ಆದಾಯ ತೆರಿಗೆ ಇಲಾಖೆಯೊಂದಿಗೆ ಮೊದಲ ಪರಿಚಯ ಆಗುವುದೇ ಮನೆ ಕೊಳ್ಳುವ ಹೊತ್ತಿಗೆ. ಪ್ಯಾನ್ ಮಾಡಿಸಿದರೆ ದುಬೈ ಸಂಬಳಕ್ಕೂ ಇಲ್ಲಿ ತೆರಿಗೆ ಬೀಳುತ್ತದೆ ಎಂಬ ಭಯ ಬೇರೆ. ಬೀಳುವುದಿಲ್ಲ. ಅನಿವಾಸಿ ಹೊರದೇಶದಲ್ಲಿ ದುಡಿದು ಅಲ್ಲೇ ಪಡೆದ ಸಂಬಳ ಇಲ್ಲಿಯ ತೆರಿಗೆಗೆ ಒಳಪಡದು, ಪ್ಯಾನ್ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಬಾಡಿಗೆ, ಬ್ಯಾಂಕ್ ಬಡ್ಡಿಯಂಥ ಇಲ್ಲಿಯ ಆದಾಯದ ಲೆಕ್ಕ ಬೇರೆ.

ಸಂಖ್ಯೆ ಕೇಳುವುದೇ ತಪ್ಪು ಎಂದು ಈ ಟಿಪ್ಪಣಿ ವಾದಿಸುವುದಿಲ್ಲ. ಐವತ್ತು ಲಕ್ಷ ಅಥವಾ ಅದಕ್ಕೂ ಮೇಲಿನ ಮನೆ ಕೊಂಡರೆ ಮಾರುವವರಿಗೆ ಕೊಡುವ ಹಣದಲ್ಲಿ ಶೇ 1 ತೆರಿಗೆ ಮುರಿದು ಕಟ್ಟಬೇಕಾದವರು ಕೊಳ್ಳುವವರೇ. ಅದು 2013ರ ಜೂನ್‌ನಿಂದ ಇರುವ ನಿಯಮ, ಪ್ಯಾನ್ ಇಲ್ಲದೆ ಆ ಹಣ ಕಟ್ಟಲಾಗದು. ಕಪ್ಪು ಹಣ ಸೈಟುಗಳಲ್ಲಿ ಅಡಗುವ ನಾಡಿನಲ್ಲಿ ಇಷ್ಟಾದರೂ ಇರಬೇಕು. ನಮ್ಮ ತಕರಾರು ಆ ಸಂಖ್ಯೆಯನ್ನು ಕೊಡುವ ಬಗೆಯ ಮೇಲೆ.

ಆಧಾರ್ ಇದ್ದು ಅದಕ್ಕೆ ಮೊಬೈಲ್ ಜೋಡಿಸಿದ್ದರೆ ಇ-ಪ್ಯಾನ್ ಹತ್ತೇ ನಿಮಿಷದಲ್ಲಿ, ಒಂದು ಪೈಸೆ ಖರ್ಚಿಲ್ಲದೆ ಬರುತ್ತದೆ. 2020ರಿಂದ ಈ ಸೌಲಭ್ಯವಿದೆ. ಅನಿವಾಸಿಗೆ ಆಧಾರ್ ಕಡ್ಡಾಯವಲ್ಲ. ಬೇಕೆಂದರೆ ಊರಿಗೆ ಬಂದೇ ಬೆರಳು ಒತ್ತಬೇಕು. ಆಧಾರ್ ಇದ್ದವರಲ್ಲೂ ಹಲವರ ಹಳೆಯ ಸಿಮ್ ಸತ್ತು ವರ್ಷಗಳಾಗಿರುತ್ತವೆ, ಒಟಿಪಿ ಯಾರ ಫೋನಿಗೆ ಹೋಗುತ್ತದೋ ದೇವರೇ ಬಲ್ಲ. ಉಳಿದದ್ದು ಕಾಗದದ ದಾರಿ. ಆನ್‌ಲೈನ್‌ನಲ್ಲಿ ತುಂಬಿದ ಅರ್ಜಿಯನ್ನು ಮುದ್ರಿಸಿ, ಎರಡು ಫೋಟೊ ಅಂಟಿಸಿ, ಎಡಗಡೆಯದರ ಮೇಲೆ ಅರ್ಧ ಫೋಟೊ ಅರ್ಧ ಕಾಗದಕ್ಕೆ ಬರುವ ಹಾಗೆ ಸಹಿ ಹಾಕಿ, ಬಲಗಡೆಯದರ ಸಹಿ ಚೌಕದ ಗೆರೆ ಮುಟ್ಟದ ಹಾಗೆ ನೋಡಿಕೊಂಡು, ಪಾಸ್‌ಪೋರ್ಟ್ ಪ್ರತಿ ಮತ್ತು ಹೊರದೇಶದ ವಿಳಾಸದ ದಾಖಲೆಯೊಂದಿಗೆ ಅಂಚೆಗೆ ಹಾಕಬೇಕು. ಕಾರ್ಡು ಭಾರತದ ವಿಳಾಸಕ್ಕೆ ಬರುವುದಾದರೆ ಶುಲ್ಕ ನೂರು ಚಿಲ್ಲರೆ ರೂಪಾಯಿ, ಹೊರದೇಶಕ್ಕಾದರೆ ಸಾವಿರ ಚಿಲ್ಲರೆ. ಅರ್ಜಿಯಲ್ಲಿ ತೆರಿಗೆ ಅಧಿಕಾರಿಯ ಸಂಕೇತಕ್ಕೆಂದು ನಾಲ್ಕು ಖಾನೆಗಳಿವೆ: ಪ್ರದೇಶ, ಬಗೆ, ವಲಯ, ಸಂಖ್ಯೆ. ಶಾರ್ಜಾದಲ್ಲಿ ಎಸಿ ರಿಪೇರಿ ಮಾಡುವವನು ಅಲ್ಲಿ ಏನು ಬರೆಯಬೇಕು? ಅಲ್ಲಿಗೇ ಏಜೆಂಟನ ಪ್ರವೇಶ.

ಇದೆಲ್ಲಕ್ಕಿಂತ ದೊಡ್ಡ ಗಂಟು ನಮ್ಮ ಹೆಸರುಗಳದು. ಕನ್ನಡಿಗರ ಹೆಸರಿನ ಮುಂದೆ ಊರಿನದೊಂದು, ಅಪ್ಪನದೊಂದು ಇನಿಷಿಯಲ್. ಪ್ಯಾನ್ ಅರ್ಜಿ ಇನಿಷಿಯಲ್ ಒಪ್ಪುವುದಿಲ್ಲ, ಅದಕ್ಕೆ ಉಪನಾಮ ಬೇಕೇ ಬೇಕು. ಸಂಖ್ಯೆಯ ಐದನೆಯ ಅಕ್ಷರ ಹುಟ್ಟುವುದೇ ಉಪನಾಮದಿಂದ. ಶಾಲೆಯ ಅಂಕಪಟ್ಟಿಯಲ್ಲಿ 'ಕೆ. ಮಂಜುನಾಥ', ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿ, ಬ್ಯಾಂಕಿನಲ್ಲಿ 'ಮಂಜುನಾಥ ಕೆ.', ಇನ್ನು ಪ್ಯಾನ್‌ನಲ್ಲಿ 'ಕೃಷ್ಣಪ್ಪ' ಉಪನಾಮವಾಗಿ ಕುಳಿತರೆ ಒಬ್ಬನೇ ಮನುಷ್ಯ ದಾಖಲೆಯಲ್ಲಿ ನಾಲ್ವರಾಗುತ್ತಾನೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರದ ದಿನ ಈ ನಾಲ್ವರನ್ನು ಒಬ್ಬನನ್ನಾಗಿಸಲು ಅಫಿಡವಿಟ್ಟು.

ಪರಿಹಾರ ಕಷ್ಟದ್ದಲ್ಲ. ಹೊರಗಿರುವ ಪ್ರತಿ ಭಾರತೀಯನೂ ಪಾಸ್‌ಪೋರ್ಟ್ ನವೀಕರಣಕ್ಕೆ ರಾಯಭಾರ ಕಚೇರಿಯ ಸಂಪರ್ಕಕ್ಕೆ ಬರಲೇಬೇಕು. ಹೆಸರು, ಹುಟ್ಟಿದ ದಿನ, ಫೋಟೊ, ಸಹಿ ಎಲ್ಲವೂ ಆಗ ಸರ್ಕಾರದ ಕೈಯಲ್ಲೇ ಇರುತ್ತವೆ, ಪೊಲೀಸ್ ತನಿಖೆಯೂ ಸೇರಿ. ಅದೇ ಅರ್ಜಿಯಲ್ಲಿ 'ಪ್ಯಾನ್ ಬೇಕೇ?' ಎಂದು ಒಂದು ಚೌಕ ಸೇರಿಸಲು ಏನು ಅಡ್ಡಿ? ಕೇಂದ್ರ ಸಂಪುಟ 2024ರ ನವೆಂಬರ್‌ನಲ್ಲಿ 1,435 ಕೋಟಿ ರೂಪಾಯಿಯ ಪ್ಯಾನ್ 2.0 ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅಷ್ಟು ಹಣದಲ್ಲಿ ಈ ಒಂದು ಚೌಕಕ್ಕೂ ಜಾಗ ಇರಲಿ. ಮನಸ್ಸು ಮಾಡಿದರೆ ಸಡಿಲಿಸುವುದು ಅಸಾಧ್ಯವಲ್ಲ ಎಂಬುದನ್ನು 2026ರ ಬಜೆಟ್ಟೇ ತೋರಿಸಿದೆ: ಅನಿವಾಸಿಯಿಂದ ಆಸ್ತಿ ಕೊಳ್ಳುವ ಇಲ್ಲಿಯ ನಿವಾಸಿಗೆ ಟ್ಯಾನ್ ಎಂಬ ಇನ್ನೊಂದು ಸಂಖ್ಯೆಯ ತಾಪತ್ರಯ ಬೇಡ, ಪ್ಯಾನ್ ಸಾಕು ಎಂಬ ಪ್ರಸ್ತಾವ ಅದರಲ್ಲಿತ್ತು. ಕೊಳ್ಳುವ ನಿವಾಸಿಗೆ ತೋರಿದ ದಯೆ ಕೊಳ್ಳುವ ಅನಿವಾಸಿಗೂ ಸಿಗಲಿ. ರಾಜ್ಯ ಸರ್ಕಾರದ ಅನಿವಾಸಿ ಭಾರತೀಯ ಸಮಿತಿ ದೆಹಲಿಗೆ ಒಯ್ಯಬೇಕಾದ ಬೇಡಿಕೆ ಇದು. ಆಸ್ತಿ ನೋಂದಣಿ ಶುಲ್ಕವನ್ನು 2025ರ ಆಗಸ್ಟ್ ಕೊನೆಯಲ್ಲಿ ಶೇ 1ರಿಂದ 2ಕ್ಕೆ ಏರಿಸಿದ ರಾಜ್ಯಕ್ಕೆ, ಆ ಶುಲ್ಕ ತೆರುವವರ ಪರ ಒಂದು ಪತ್ರ ಬರೆಯುವ ಋಣವಾದರೂ ಇದೆ.

ಅಲ್ಲಿಯತನಕ ಓದುಗರಿಗೆ, ಅದಕ್ಕಿಂತ ಹೆಚ್ಚಾಗಿ ಓದುಗರ ಮನೆಯ ಗಲ್ಫ್ ಮಕ್ಕಳಿಗೆ, ಕೆಲವು ಮಾತು. ಹಿಂದೆಂದೋ ಪ್ಯಾನ್ ಮಾಡಿಸಿ ಮರೆತಿದ್ದರೆ ಹೊಸದಕ್ಕೆ ಅರ್ಜಿ ಹಾಕಬೇಡಿ, ಎರಡು ಪ್ಯಾನ್ ಇದ್ದರೆ ಹತ್ತು ಸಾವಿರ ರೂಪಾಯಿ ದಂಡ. ಆಧಾರ್ ಜೋಡಿಸದ ಕಾರಣ 2023ರ ಜುಲೈನಲ್ಲಿ ಹಳೆಯದು ನಿಷ್ಕ್ರಿಯವಾಗಿದ್ದರೆ, ನೀವು ಅನಿವಾಸಿ ಎಂಬುದಕ್ಕೆ ದಾಖಲೆ ಕೊಟ್ಟು ಅದನ್ನೇ ಸರಿಮಾಡಿಸಿ. ಪ್ಯಾನ್ ಬಂತೆಂದು ಕಾಫಿ ತೋಟಕ್ಕೆ ಕೈ ಹಾಕಬೇಡಿ. ಕರ್ನಾಟಕ 2020ರಲ್ಲಿ ಕೃಷಿ ಭೂಮಿ ಖರೀದಿಯ ನಿರ್ಬಂಧ ತೆಗೆದದ್ದು ನಿಜ, ಆದರೆ ಕೇಂದ್ರದ ವಿದೇಶಿ ವಿನಿಮಯ ನಿಯಮ ಅನಿವಾಸಿಗೆ ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳಲು ಇನ್ನೂ ಬಿಡುವುದಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು. ಮನೆ, ಸೈಟು, ಅಂಗಡಿ ಕೊಳ್ಳುವುದಾದರೆ ಮುಂಗಡ ಕೊಡುವ ಮುಂಚೆಯೇ ಪ್ಯಾನ್‌ಗೆ ಅರ್ಜಿ ಹಾಕಿ. ಅದು ಬರುವ ತನಕ ಮಾರುವವರು ಕಾಯದಿದ್ದರೆ ಆ ಸೈಟು ಬಿಟ್ಟುಬಿಡಿ, ಅಣ್ಣನ ಹೆಸರಿಗೆ ಮಾತ್ರ ಬರೆಸಬೇಡಿ.