ಕೆರೆ ಏರಿ, ಮಿರ್ಚಿ ಲೆಕ್ಕ

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೆ ಶಾಂತಿಸಾಗರ ಎಂದೂ ಹೆಸರು. ಎರಡು ಗುಡ್ಡಗಳ ನಡುವಿನ ಅದರ ಏರಿಯ ಮೇಲೆ ನಡೆದರೆ ಗಾಳಿ ಹಿತ, ದಾರಿ ಸಮ. ತೊಡಕಿರುವುದೂ ಅಲ್ಲೇ! ದಿನವೂ ಅದೇ ನಿಧಾನದಲ್ಲಿ ನಡೆದರೆ ಮೈಗೆ ರೂಢಿಯಾಗಿಬಿಡುತ್ತದೆ. "ವರ್ಷದಿಂದ ನಡೀತಿದೀನಿ, ತೂಕ ಮಾತ್ರ ಇಳೀತಿಲ್ಲ" ಎನ್ನುವ ಅಜ್ಜಂದಿರು ಸ್ವಲ್ಪ ಬಿರುಸಾಗಿ ನಡೆದು ನೋಡಲಿ. ಮೊಮ್ಮಗಳ ಜೊತೆ ಮಾತಾಡಲು ಆಗಬೇಕು, ಹಾಡಲು ಉಸಿರು ಸಾಲಬಾರದು; ಅದೇ ಸರಿಯಾದ ವೇಗ. ಬಿ.ಪಿ., ಸಕ್ಕರೆ ಕಾಯಿಲೆ ಇದ್ದವರು ಮೊದಲು ಡಾಕ್ಟರನ್ನು ಕೇಳಿ. ಎದೆ ನೋವು, ತಲೆಸುತ್ತು ಬಂದರೆ ಅಲ್ಲೇ ನಿಂತುಬಿಡಿ.

ನಡೆದು ಬಂದು ಮಂಡಕ್ಕಿ-ಮಿರ್ಚಿಗೆ ಕೂತರೆ? ಮಂಡಕ್ಕಿ ಪಾಪ, ಹಗುರ. ಎಣ್ಣೆ ಕುಡಿದಿರುವುದು ಮಿರ್ಚಿ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ. ಅದು ಕರಗಲು ಅರ್ಧ ಗಂಟೆಯಷ್ಟು ಬಿರುಸು ನಡಿಗೆ ಬೇಕು. ಬೆಣ್ಣೆದೋಸೆಯ ಲೆಕ್ಕ ಹೇಳುವುದಿಲ್ಲ, ದಾವಣಗೆರೆಯವರು ಮುನಿಸಿಕೊಂಡಾರು! ಜೋಳದ ರೊಟ್ಟಿ, ಸೊಪ್ಪಿನ ಪಲ್ಯ, ಮೊಳಕೆ ಹೆಸರುಕಾಳು ಇದ್ದರೆ ಸ್ವಲ್ಪದರಲ್ಲೇ ಹೊಟ್ಟೆ ತುಂಬುತ್ತದೆ.

ಮಕ್ಕಳೇ, ತೂಕ ಇಳಿಸಲೆಂದು ನೀವು ಊಟ ಬಿಡಬೇಡಿ. ನಿಮ್ಮದು ಬೆಳೆಯುವ ಮೈ. ದಿನಕ್ಕೆ 60 ನಿಮಿಷ ಆಟ, ವಾರದಲ್ಲಿ 3 ದಿನವಾದರೂ ಖೊಖೊ, ಕಬಡ್ಡಿಯಂಥ ಏದುಸಿರಿನ ಆಟ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಿರಿಯರಿಗೆ ವಾರಕ್ಕೆ 150 ನಿಮಿಷ ನಡಿಗೆ, ಜೊತೆಗೆ ಕಾಲಿಗೆ ಬಲ ಕೊಡುವ ಕಸರತ್ತು. ಗರಡಿಯ ಬಸ್ಕಿ ಆಗದಿದ್ದರೆ ಬೇಡ, ಗಟ್ಟಿ ಕುರ್ಚಿಯಿಂದ ಕೈಯೂರದೆ ಹತ್ತು ಸಲ ಏಳಲಿ. ಅಜ್ಜಿ ಎಷ್ಟು ಸಲ ಎದ್ದರೆಂದು ಎಣಿಸುವ ಕೆಲಸ ಮೊಮ್ಮಕ್ಕಳದು.