ಎರಡು ದಿನಗಳ ಬಿಡುವು

ವಾರದ ಕೊನೆಯ ಬಿಡುವನ್ನು ರಸಿಕತೆಯಿಂದ ಕಳೆಯುವುದು ಬೆಂಗಳೂರಿನವರ ಸೊತ್ತೆಂಬ ಭಾವನೆ ನಮ್ಮ ವಿದ್ಯಾರ್ಥಿಗಳಲ್ಲಿ ಬೇರೂರಿದೆ. ಚಿತ್ರಶಾಲೆ, ವಸ್ತುಸಂಗ್ರಹಾಲಯ, ಸಂಗೀತ ಕಚೇರಿ, ಕೈಕೆಲಸದ ಶಿಬಿರ ಇವೆಲ್ಲ ಅಲ್ಲಿಯವು. ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಪಾಲಿಗೆ ಉಳಿದದ್ದು ಭತ್ತದ ಲಾರಿ, ಬಿಸಿಲು ಮತ್ತು ಮೊಬೈಲು. ಈ ದೂರನ್ನು ತರಗತಿಯಲ್ಲಿ ಬಹಳ ಸಲ ಕೇಳಿದ್ದೇನೆ. ಅದರಲ್ಲಿ ಅರ್ಧ ನಿಜವಿದೆ. ಕಲೆಯ ಹೆಸರಿನಲ್ಲಿ ವೆಚ್ಚವಾಗುವ ಹಣ ತುಂಗಭದ್ರೆಯನ್ನು ದಾಟಿ ಈಚೆಗೆ ಬರುವಾಗ ಕಾಲುವೆಯ ಕೊನೆಭಾಗದ ನೀರಿನಂತೆ ಬತ್ತಿರುತ್ತದೆ. ಇನ್ನರ್ಧವನ್ನು ಮಾತ್ರ ನಾನು ಒಪ್ಪಲಾರೆ.

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಬಸ್ಸು ಮಸ್ಕಿಯ ಮೇಲೆಯೇ ಹಾಯುತ್ತದೆ. ಅಲ್ಲಿ ಅಶೋಕನ ಶಾಸನವಿದೆಯೆಂದು ಪರೀಕ್ಷೆಯಲ್ಲಿ ಎಲ್ಲರೂ ಬರೆಯುತ್ತಾರೆ. ಇಳಿದು ನೋಡಿದವರು ಕೆಲವರೇ. ಚಿನ್ನದ ಶೋಧದಲ್ಲಿದ್ದ ಬೀಡನ್ ಎಂಬ ಗಣಿ ಎಂಜಿನಿಯರು 1915ರಲ್ಲಿ ಇದನ್ನು ಕಂಡನು. ಅಲ್ಲಿಯವರೆಗೆ ದೊರೆತಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು ಮಾತ್ರ ಇದ್ದವು. ಅವು ಅಶೋಕನವೆಂದು ಸಿಂಹಳದ ಗ್ರಂಥಗಳ ಆಧಾರದಿಂದ ಪಂಡಿತರು ಊಹಿಸಿದ್ದರು; ಆ ಊಹೆಗೆ ಕಲ್ಲಿನ ಸಾಕ್ಷ್ಯ ಒದಗಿದುದು ಮಸ್ಕಿಯಲ್ಲಿ. ಮುಂದೆ ಗುಜರ್ರಾ, ನಿಟ್ಟೂರು, ಉಡೇಗೋಳಗಳಲ್ಲಿಯೂ ಆ ಹೆಸರು ಸಿಕ್ಕಿತು, ಮೊದಲಿನದು ಇದೇ. 1954ರಲ್ಲಿ ಬಿ. ಕೆ. ಥಾಪರ್ ಅವರು ಇಲ್ಲಿ ಅಗೆಯಿಸಿದಾಗ ಶಾಸನಕ್ಕಿಂತ ಬಹು ಹಿಂದಿನ ಜನವಸತಿಯ ಪದರಗಳು ಹೊರಬಿದ್ದವು. ಆ ಬ್ರಾಹ್ಮೀ ಅಕ್ಷರಗಳು ಹೇಳುವುದಾದರೂ ಏನು? ಧರ್ಮದಲ್ಲಿ ತೊಡಗಿದ ಸಾಮಾನ್ಯನೂ ಈ ಗುರಿಯನ್ನು ಮುಟ್ಟಬಲ್ಲ, ಇದು ದೊಡ್ಡವರಿಗಷ್ಟೇ ಮೀಸಲೆಂದು ಬಗೆಯಬಾರದು ಎಂದು. ಕಲೆಯ ವಿಷಯದಲ್ಲಿ ನಾವು ಬಗೆದಿರುವುದು ಇದಕ್ಕೆ ತೀರ ವಿರುದ್ಧವಾದುದನ್ನು.

ಕೈಕೆಲಸವನ್ನೇ ನೋಡಿ. ಹಳೆಯ ಸೀರೆ, ಧೋತರಗಳ ತುಂಡುಗಳನ್ನು ಜೋಡಿಸಿ ಅಜ್ಜಿಯರು ಹೊಲಿಯುವ ಕೌದಿಯನ್ನು ನಾವು ಕಲೆಯೆಂದು ಕರೆಯುವುದಿಲ್ಲ. ಹೊದ್ದು ಮಲಗುತ್ತೇವೆ, ಅಷ್ಟೆ. ಅದೇ ಕೌದಿ ನಗರದ ಅಂಗಡಿಯ ಗಾಜಿನ ಹಿಂದೆ ತೂಗಿದರೆ ಬೆಲೆ ಕೇಳಿ ಬೆರಗಾಗುತ್ತೇವೆ. ಲಿಂಗಸುಗೂರಿನಿಂದ ಇಳಕಲ್ಲು ದೂರವೇನಲ್ಲ. ಅಲ್ಲಿಯ ನೇಕಾರರು ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೊಂಡಿಹಾಕಿ ಕೂಡಿಸುವುದನ್ನು ಒಂದು ಗಳಿಗೆ ನಿಂತು ನೋಡಿದ ಹುಡುಗನಿಗೆ ಜೇಡರ ದಾಸಿಮಯ್ಯನನ್ನು ಪಾಠಮಾಡುವುದು ಸುಲಭ.

ಸಂಗೀತದ ಸ್ಥಿತಿ ಇನ್ನೂ ನಾಜೂಕಾದುದು. ವಚನಗಾಯನಕ್ಕೆ ಹೆಸರಾದ ಸಿದ್ಧರಾಮ ಜಂಬಲದಿನ್ನಿಯವರು ಇದೇ ರಾಯಚೂರು ಜಿಲ್ಲೆಯವರು. ಏಕತಾರಿ, ದಮ್ಮಡಿಗಳೊಡನೆ ರಾತ್ರಿಯಿಡೀ ತತ್ತ್ವಪದ ಹಾಡುವ ಮೇಳಗಳು ನಮ್ಮ ಹಳ್ಳಿಗಳಲ್ಲಿ ಈಗಲೂ ಇವೆ. ಆದರೆ ಹಾಡುವವರ ತಲೆ ನರೆತಿದೆ. ಹಿಂದೆ ಕುಳಿತು ಸೊಲ್ಲು ಹಿಡಿಯುವ ಎಳೆಯರು ಕಡಿಮೆ. ಅಚ್ಚಾದ ಪದ ಉಳಿದೀತು, ಅದರ ಮಟ್ಟು ಹಾಡಿದವರೊಡನೆಯೇ ಹೋಗುತ್ತದೆ.

ಕಾಲೇಜುಗಳು ವರ್ಷಕ್ಕೊಮ್ಮೆ ಮೈಸೂರಿಗೆ ಪ್ರವಾಸ ಹೊರಡುವುದಕ್ಕೆ ನನ್ನ ಅಡ್ಡಿಯಿಲ್ಲ. ಅದಕ್ಕೆ ಮೊದಲು ಒಂದು ಶನಿವಾರ ಕೌದಿ ಹೊಲಿಯುವ ಅಜ್ಜಿಯೊಬ್ಬರನ್ನು ಕರೆಸಿ ಮಕ್ಕಳ ಕೈಗೆ ಸೂಜಿ ಕೊಡಿಸಲಿ. ಮರುದಿನ ಮಸ್ಕಿಯ ಬಂಡೆಯೆದುರು ನಿಲ್ಲಿಸಿ ಶಾಸನವನ್ನು ವಿವರಿಸಲಿ. ರಾತ್ರಿ ಭಜನೆಗೆ ಕೂಡಿಸಲಿ. ಉದ್ಘಾಟನೆ ಬೇಡ, ಶಾಲು ಬೇಡ, ಏಕತಾರಿಯನ್ನು ನುಂಗುವ ಧ್ವನಿವರ್ಧಕವಂತೂ ಬೇಡವೇ ಬೇಡ. ಹಾಡಿದವರಿಗೂ ಹೊಲಿದವರಿಗೂ ಉಪನ್ಯಾಸಕ್ಕೆ ಬಂದ ಅತಿಥಿಗೆ ಕೊಡುವಷ್ಟೇ ಸಂಭಾವನೆಯನ್ನು ಕೊಡಬೇಕು. (ಅತಿಥಿ ಉಪನ್ಯಾಸಕರ ಸಂಭಾವನೆಯ ಕಥೆಯನ್ನು ಇಲ್ಲಿ ಎತ್ತುವುದಿಲ್ಲ.) ಅಂಕವಿಲ್ಲದ ಕೆಲಸಕ್ಕೆ ಹುಡುಗರು ಬಂದಾರೆಯೇ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಕರೆದು ನೋಡೋಣ. ಸುಗ್ಗಿ ಮುಗಿದ ಮೇಲಿನ ಮೊದಲ ಶನಿವಾರವೇ ಆಗಬಹುದು. ಆಗ ಹುಡುಗರಿಗೂ ಹೊಲದ ಕೆಲಸವಿರುವುದಿಲ್ಲ, ಮೇಳದವರಿಗೂ ಬಿಡುವಿರುತ್ತದೆ.