ಬರೆವಣಿಗೆಯಲ್ಲಿ ತಪ್ಪು ಒಪ್ಪು: ‘ಲುಕ್ ಫಾರ್ವರ್ಡ್ ಟು’

ಕೆಲಸಕ್ಕೆ ಅರ್ಜಿ ಬರೆಯುವ ಮಗನು ಕಡೆಯಲ್ಲಿ ‘ಐ ಲುಕ್ ಫಾರ್ವರ್ಡ್ ಟು ಮೀಟ್ ಯು’ ಎನ್ನುವನು. ತಂದೆಯು ಅದನ್ನು ‘ಮೀಟಿಂಗ್ ಯು’ ಎಂದು ತಿದ್ದುವನು. ‘ಟು’ ಆದಮೇಲೆ ‘ಇಂಗ್’ ಬರುವುದುಂಟೆ ಎಂದು ಮಗನ ವಾದ. ನಮ್ಮ ಮನೆಗಳಲ್ಲಿ ಇಂತಹ ಚರ್ಚೆ ಅಪೂರ್ವವಲ್ಲ. ಇಲ್ಲಿ ತಂದೆಯ ತಿದ್ದುಪಡಿಯೇ ಸರಿ. ಅದರ ಕಾರಣವನ್ನು ನಾವು ಕನ್ನಡದಿಂದಲೇ ತಿಳಿಯಬಹುದು.

‘ಲುಕ್ ಫಾರ್ವರ್ಡ್’ ಎಂಬುದಕ್ಕೆ ನಮ್ಮ ‘ಎದುರುನೋಡು’ ಎಂಬುದು ಚೆನ್ನಾಗಿ ಹೊಂದುತ್ತದೆ. ನಾವು ‘ನಿಮ್ಮ ಪತ್ರವನ್ನು ಎದುರುನೋಡುತ್ತೇವೆ’ ಎನ್ನುತ್ತೇವೆ. ‘ನೀವು ಬರುವುದನ್ನು ಎದುರುನೋಡುತ್ತೇವೆ’ ಎಂದೂ ಅನ್ನುತ್ತೇವೆ. ‘ನೀವು ಬರಲು ಎದುರುನೋಡುತ್ತೇವೆ’ ಎಂದು ಯಾರೂ ಅನ್ನರು. ಎದುರುನೋಡುವುದಕ್ಕೆ ಒಂದು ವಿಷಯವಿರಬೇಕು. ಅದು ಕ್ರಿಯೆಯಾದರೆ ‘ಬರುವುದು’ ಎಂದು ಹೆಸರಾಗಿ ಮಾಡಿಕೊಳ್ಳಬೇಕು. ಇಂಗ್ಲಿಷಿನಲ್ಲಿಯೂ ಕ್ರಮ ಇದೇ. ‘ವಾಂಟ್ ಟು ಗೋ’ ಎಂಬಲ್ಲಿಯ ‘ಟು’ ಬೇರೆ, ಇಲ್ಲಿಯ ‘ಟು’ ಬೇರೆ. ಇದು ನಮ್ಮ ವಿಭಕ್ತಿಪ್ರತ್ಯಯದಂತೆ ಕೆಲಸಮಾಡುವುದು; ಇದರ ಮುಂದೆ ನಾಮಪದವೇ ಬರತಕ್ಕದ್ದು. ‘ಇಂಗ್’ ಸೇರಿದ ‘ಮೀಟಿಂಗ್’ ಇಲ್ಲಿ ನಾಮಪದದ ಸ್ಥಾನದಲ್ಲಿದೆ.

ಸಂದೇಹ ಬಂದಾಗ ಕ್ರಿಯೆಯನ್ನು ತೆಗೆದು ‘ಯುವರ್ ಲೆಟರ್’ ಎಂದು ಇಟ್ಟು ನೋಡಿರಿ. ‘ಲುಕ್ ಫಾರ್ವರ್ಡ್ ಟು ಯುವರ್ ಲೆಟರ್’ ಸರಿಹೋಗುವುದು; ಆದುದರಿಂದ ಅಲ್ಲಿ ‘ಇಂಗ್’ ಬೇಕು. ‘ಹೋಪ್ ಟು ಯುವರ್ ಲೆಟರ್’ ಎನ್ನಲಾಗದು. ಆದುದರಿಂದ ‘ಹೋಪ್ ಟು ಮೀಟ್ ಯು’ ಎಂದೇ ಬರೆಯಬೇಕು. ‘ಆಬ್ಜೆಕ್ಟ್ ಟು’ ಎಂಬುದಕ್ಕೂ ಇದೇ ಪರೀಕ್ಷೆ ಸಾಕು. ಇನ್ನು, ಕಛೇರಿಯ ಪತ್ರಕ್ಕೆ ‘ಐ ಲುಕ್ ಫಾರ್ವರ್ಡ್’ ಎಂಬುದು ಗಂಭೀರವಾಗಿರುವುದು; ‘ಐ ಆಮ್ ಲುಕಿಂಗ್ ಫಾರ್ವರ್ಡ್’ ಎಂಬುದರಲ್ಲಿ ಸಲಿಗೆ ಹೆಚ್ಚು.

ಆದರೆ ಒಂದೆಡೆ ಕನ್ನಡವನ್ನು ನಂಬಿ ನಡೆದರೆ ಎಡವುವೆವು. ನಮ್ಮ ‘ಎದುರುನೋಡು’ ಬರಿಯ ಕಾಯುವಿಕೆಗೂ ಸಲ್ಲುವುದು. ಇಂಗ್ಲಿಷಿನ ಮಾತಿನಲ್ಲಿ ಸಂತೋಷವು ಸೇರಿಯೇ ಇರುವುದು. ಪರಸ್ಥಳದ ಸ್ನೇಹಿತನ ತಾಯಿ ತೀರಿಕೊಂಡಾಗ, ‘ಐ ಲುಕ್ ಫಾರ್ವರ್ಡ್ ಟು ಅಟೆಂಡಿಂಗ್ ದಿ ಫ್ಯೂನರಲ್’ ಎಂದು ಬರೆದರೆ ವ್ಯಾಕರಣದಲ್ಲಿ ದೋಷವಿಲ್ಲ. ಆದರೆ ಆ ಮನೆಯವರಿಗೆ ಅದು, ಅಂತ್ಯಕ್ರಿಯೆಗೆ ಬರಲು ನಾವು ಹಿಗ್ಗುತ್ತಿರುವೆವೆಂಬಂತೆ ಕೇಳಿಸುವುದು. ಅಂತಹ ಪತ್ರದಲ್ಲಿ ‘ಐ ಶಲ್ ಬಿ ದೇರ್’, ನಾನು ಬರುತ್ತೇನೆ, ಎಂದಿಷ್ಟೇ ಸಾಕು.

ಅರ್ಜಿಯಲ್ಲಿ ‘ಇಂಗ್’ ಬಿಟ್ಟುಹೋದರೆ ಓದಿದವರು ಮನ್ನಿಸಿಯಾರು. ದುಃಖದ ದಿನ ನೋಯಿಸಿದ ಮಾತು ಮರೆಯುವುದು ಕಷ್ಟ. ಆದುದರಿಂದ ಬರೆದ ಕಾಗದವನ್ನು ಕಳುಹಿಸುವ ಮೊದಲು, ಅದು ಯಾರ ಕೈ ಸೇರುವುದೆಂಬುದನ್ನು ನೆನೆದು ಇನ್ನೊಮ್ಮೆ ಓದಿಕೊಳ್ಳುವುದು ಲೇಸು.